ಅಮ್ಮನ ಜೊತೆ ಮತಗಟ್ಟೆಗೆ ಹೋಗಬಹುದಾ?

ಅರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ನಿಂದ ಒಂದು ಫೋನ್ ಬಂತು. ಕನ್ನಡ ಸಂಘದಲ್ಲಿ ಪರಿಚಯವಾದ ಹುಡುಗ, ಅಲ್ಲಿ ಸಾಫ್ಟ್‌ವೇರ್ ಕೆಲಸ. "ಅಕ್ಕಾ, ಅಮ್ಮ ಸಿಟಿಜನ್ ಆದರು. ಇಂಗ್ಲಿಷ್ ಓದೋಕೆ ಬರಲ್ಲ. ವೋಟು ಹಾಕುವಾಗ ನಾನು ಪಕ್ಕದಲ್ಲಿ ನಿಲ್ಲಬಹುದಾ?"

ಇಂಗ್ಲಿಷ್ ಬಾರದೆ ಅಮೆರಿಕದ ಪ್ರಜೆಯಾಗುವುದು ಹೇಗೆ ಅಂತ ಕೆಲವರಿಗೆ ಅನ್ನಿಸಬಹುದು. 55 ವರ್ಷ ದಾಟಿ, 15 ವರ್ಷ ಗ್ರೀನ್ ಕಾರ್ಡಿನಲ್ಲಿ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ದೇಶದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರ ಕೊಡಬಹುದು. ಆಮೇಲೆ ಮತಪತ್ರ ಇಂಗ್ಲಿಷಿನಲ್ಲಿ ಕೈಗೆ ಬರುತ್ತದೆ.

"ನಿಲ್ಲಬಹುದು" ಅಂದೆ. ಮತದಾನ ಹಕ್ಕು ಕಾಯ್ದೆಯ ಸೆಕ್ಷನ್ 208 ಅದಕ್ಕೇ ಇದೆ. ಓದು ಬರಹ ಬಾರದವರು, ಕಣ್ಣು ಕಾಣದವರು, ಅಂಗವಿಕಲರು ತಮಗೆ ಬೇಕಾದವರನ್ನು ಸಹಾಯಕ್ಕೆ ಕರೆದುಕೊಂಡು ಹೋಗಬಹುದು. ಕೆಲಸ ಕೊಟ್ಟ ಮಾಲೀಕ, ಅವನ ಕಡೆಯವರು, ಕಾರ್ಮಿಕ ಸಂಘದ ಪದಾಧಿಕಾರಿ ಅಥವಾ ಅದರ ಏಜೆಂಟ್ ಮಾತ್ರ ಆಗಬಾರದು.

"ಇದು ನಮ್ಮಂಥ ವಲಸೆ ಬಂದವರಿಗೆ ಅಂತ ಮಾಡಿದ ಕಾನೂನಾ?" ಅಂತ ಕೇಳಿದ. ಆ ಪ್ರಶ್ನೆಗೆ ಫೋನಿನಲ್ಲಿ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಕಪ್ಪು ಜನರು ಪೆಟ್ಟು ತಿಂದು ಪಡೆದ ಕಾನೂನು. ಜನಾಂಗದ ಕಾರಣಕ್ಕೆ ಯಾರಿಗೂ ಮತ ನಿರಾಕರಿಸಬಾರದು ಅಂತ ಅಮೆರಿಕದ ಸಂವಿಧಾನಕ್ಕೆ 1870ರಲ್ಲೇ 15ನೇ ತಿದ್ದುಪಡಿ ಬಂದಿತ್ತು. ಆದರೆ ದಕ್ಷಿಣದ ರಾಜ್ಯಗಳು ಓದು ಬರಹದ ಪರೀಕ್ಷೆ, ಮತ ತೆರಿಗೆ, ಬೆದರಿಕೆ ಎಲ್ಲ ಬಳಸಿ ಅದನ್ನು ಸುಮಾರು ತೊಂಬತ್ತು ವರ್ಷ ಕಾಗದದಲ್ಲೇ ಇಟ್ಟವು. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟು ಸೇತುವೆ ದಾಟುತ್ತಿದ್ದವರ ಮೇಲೆ ಪೊಲೀಸರು ಲಾಠಿ ಬೀಸಿದರು. ಮುಂದೆ ಸಂಸದರಾದ ಜಾನ್ ಲೂಯಿಸ್ ಅವರ ತಲೆಬುರುಡೆ ಒಡೆಯಿತು. ಅದೇ ವರ್ಷ ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಯ್ದೆಗೆ ಸಹಿ ಹಾಕಿದರು. ಮಿಸಿಸಿಪಿಯಲ್ಲಿ ಮತಪಟ್ಟಿಗೆ ಹೆಸರು ಸೇರಿಸಿದ ಕಪ್ಪು ಜನ ಆಗ ನೂರಕ್ಕೆ ಏಳು ಮಂದಿಯೂ ಇರಲಿಲ್ಲ. ಎರಡೇ ವರ್ಷದಲ್ಲಿ ಅದು ಅರವತ್ತರ ಹತ್ತಿರ ಬಂತು. ಸೆಕ್ಷನ್ 208 ಸೇರಿದ್ದು 1982ರಲ್ಲಿ. ಇನ್ನೊಂದು ಮಾತು. ನಮ್ಮಂಥ ಏಷ್ಯಾದವರಿಗೆ ಬಾಗಿಲು ತೆರೆದ ವಲಸೆ ಕಾನೂನಿಗೂ ಅದೇ ಜಾನ್ಸನ್ 1965ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ್ದು. ಅದೇ ಹೋರಾಟದ ಗಾಳಿಯಲ್ಲಿ ಅದೂ ಪಾಸಾಯಿತು. ಅಮೆರಿಕದಲ್ಲಿ ಇಷ್ಟೊಂದು ಕನ್ನಡದ ಮನೆಗಳಿರುವುದರಲ್ಲಿ ಸೆಲ್ಮಾದವರ ಋಣವೂ ಇದೆ.

ಕಾಯ್ದೆಯ ಜೀವ ಇದ್ದದ್ದು ಸೆಕ್ಷನ್ 5ರಲ್ಲಿ. ನಮ್ಮೂರಲ್ಲಿ ಮನೆ ಕಟ್ಟುವ ಮುಂಚೆ ನಕ್ಷೆ ಪಾಸ್ ಮಾಡಿಸಬೇಕಲ್ವಾ? ಹಾಗೆಯೇ ಇದು. ಹಿಂದೆ ತಾರತಮ್ಯ ಮಾಡಿದ್ದ ರಾಜ್ಯಗಳು ಚುನಾವಣೆಯ ಯಾವ ನಿಯಮ ಬದಲಿಸಿದರೂ ಮೊದಲು ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕಿತ್ತು. ಮತಗಟ್ಟೆಯನ್ನು ಎರಡು ಬೀದಿ ಆಚೆಗೆ ಸರಿಸಿದರೂ ಅಷ್ಟೆ. ಬದಲಾವಣೆಯಿಂದ ಅಲ್ಪಸಂಖ್ಯಾತರಿಗೆ ಹಾನಿ ಇಲ್ಲ ಅಂತ ತೋರಿಸುವ ಹೊಣೆ ಆ ರಾಜ್ಯದ್ದೇ ಆಗಿತ್ತು. ನಾನು ವಕೀಲಿ ಶುರು ಮಾಡಿದ ಕಾಲದಲ್ಲಿ ನಮ್ಮ ಕೆಲಸ ಜಾಸ್ತಿ ಅಂದರೆ ಪತ್ರ ಬರೆಯುವುದು. ಒಂದು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮತಗಟ್ಟೆ ಮುಚ್ಚಲು ಹೊರಟರೆ, ಅಲ್ಲಿನ ಜನರಿಗೆ ಬಸ್ಸಿಲ್ಲ, ಹೊಸ ಜಾಗ ಇಷ್ಟು ದೂರ ಅಂತ ನ್ಯಾಯ ಇಲಾಖೆಗೆ ಬರೆಯುತ್ತಿದ್ದೆವು. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತಿತ್ತು.

2013ರ ಜೂನ್ 25ರಂದು ಅದು ನಿಂತಿತು. ಶೆಲ್ಬಿ ಕೌಂಟಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿತು. ಸೆಕ್ಷನ್ 5ನ್ನು ಕೋರ್ಟ್ ನೇರವಾಗಿ ಮುಟ್ಟಲಿಲ್ಲ. ಯಾವ ರಾಜ್ಯಕ್ಕೆ ಅದು ಅನ್ವಯಿಸಬೇಕು ಅನ್ನುವ ಸೂತ್ರ ಹಳೆಯದಾಯಿತು, ಅದರ ಅಂಕಿಅಂಶ 1960 ಮತ್ತು 70ರ ದಶಕದ್ದು ಅಂತ ಹೇಳಿ ಸೂತ್ರವನ್ನು ರದ್ದು ಮಾಡಿತು. ಸೂತ್ರ ಹೋದ ಮೇಲೆ ಒಪ್ಪಿಗೆ ಕೇಳುವ ರಾಜ್ಯವೇ ಉಳಿಯಲಿಲ್ಲ. ಮಳೆ ಸುರಿಯುವಾಗ ನೆನೆಯುತ್ತಿಲ್ಲ ಅಂತ ಕೊಡೆ ಬಿಸಾಡಿದ ಹಾಗೆ ಇದು ಅಂತ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಭಿನ್ನ ತೀರ್ಪಿನಲ್ಲಿ ಬರೆದರು. ಅದೇ ಕಾಯ್ದೆಯನ್ನು 2006ರಲ್ಲಿ ಸೆನೆಟ್ 98-0ರಲ್ಲಿ ಇನ್ನೂ 25 ವರ್ಷಕ್ಕೆ ಮುಂದುವರಿಸಿತ್ತು ಅನ್ನುವುದನ್ನು ಮರೆಯಬಾರದು.

ಮಳೆ ಆ ದಿನವೇ ಶುರುವಾಯಿತು. ಸೆಕ್ಷನ್ 5ರ ಅಡಿಯಲ್ಲಿ ತಡೆಹಿಡಿದಿದ್ದ, ಮತ ಹಾಕಲು ಗುರುತಿನ ಚೀಟಿ ಬೇಕು ಅನ್ನುವ ಕಾನೂನನ್ನು ಜಾರಿಗೆ ತರುತ್ತೇವೆ ಅಂತ ಟೆಕ್ಸಸ್ ಅಂದೇ ಹೇಳಿತು. ಮತದಾನದ ನಿಯಮ ಬಿಗಿ ಮಾಡಿ ಉತ್ತರ ಕೆರೊಲಿನಾ ತಂದ ಕಾನೂನನ್ನು 2016ರಲ್ಲಿ ಮೇಲ್ಮನವಿ ಕೋರ್ಟ್ ರದ್ದು ಮಾಡಿತು. ಶಸ್ತ್ರಚಿಕಿತ್ಸೆಯಷ್ಟು ನಿಖರವಾಗಿ ಕಪ್ಪು ಮತದಾರರನ್ನು ಗುರಿ ಮಾಡಿದ ಕಾನೂನು ಅಂತ ಕೋರ್ಟೇ ಹೇಳಿತು. ಆದರೆ ನಡುವೆ ಮೂರು ವರ್ಷ ಹೋಗಿತ್ತು. ಹಿಂದೆ ಸೆಕ್ಷನ್ 5ರ ಅಡಿಯಲ್ಲಿದ್ದ ಪ್ರದೇಶಗಳಲ್ಲಿ 2012ರಿಂದ 2018ರ ನಡುವೆ 1,688 ಮತಗಟ್ಟೆಗಳು ಕಡಿಮೆಯಾದವು ಅಂತ ನಾಗರಿಕ ಹಕ್ಕುಗಳ ಒಂದು ಒಕ್ಕೂಟ ಲೆಕ್ಕ ಹಾಕಿತು. ಎಲ್ಲವೂ ಕೆಟ್ಟ ಉದ್ದೇಶದಿಂದಲೇ ಮುಚ್ಚಿದ್ದು ಅಂತ ನಾನು ಹೇಳುವುದಿಲ್ಲ. ಯಾವುದು ಕೆಟ್ಟದ್ದು ಅಂತ ಮೊದಲೇ ನೋಡುವವರು ಇಲ್ಲವಾದರು.

ಉಳಿದದ್ದು ಸೆಕ್ಷನ್ 2. ಇದು ಇಡೀ ದೇಶಕ್ಕೆ ಅನ್ವಯ. ಆದರೆ ಇಲ್ಲಿ ಮನೆ ಕಟ್ಟಿಯಾದ ಮೇಲೆ ಕೋರ್ಟಿಗೆ ಹೋಗಬೇಕು, ಸಾಬೀತು ಮಾಡುವ ಹೊಣೆಯೂ ನೊಂದವರದ್ದೇ.

ಇದರ ಕಷ್ಟ ಗೊತ್ತಾಗಬೇಕಾದರೆ ಅಲಬಾಮಾದ ಕೇಸನ್ನು ನೋಡಬೇಕು. ಆ ರಾಜ್ಯದ ನಡುವೆ ಕಪ್ಪು ಮಣ್ಣಿನ ಪಟ್ಟಿ ಒಂದಿದೆ. ನಮ್ಮ ಧಾರವಾಡ, ಗದಗಿನ ಎರೆ ಹೊಲದ ಹಾಗೆ ಅಲ್ಲೂ ಹತ್ತಿ ಬೆಳೆಯುತ್ತಿದ್ದರು. ಬೆಳೆದವರು ಗುಲಾಮರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲೇ ಇದ್ದಾರೆ. ರಾಜ್ಯದ ಜನರಲ್ಲಿ ಸುಮಾರು ನೂರಕ್ಕೆ 27 ಮಂದಿ ಕಪ್ಪು ಜನ. ಸಂಸತ್ತಿಗೆ ಏಳು ಕ್ಷೇತ್ರ. ಕೇಸು ಹಾಕಿದಾಗ ಅದರಲ್ಲಿ ಅವರು ತಮಗೆ ಬೇಕಾದವರನ್ನು ಗೆಲ್ಲಿಸಬಲ್ಲ ಕ್ಷೇತ್ರ ಒಂದೇ ಇತ್ತು.

ಅದು ಹೇಗೆ ಅಂತ ಕೇಳಿದರೆ ನಾನು ಊರಿನ ಲೆಕ್ಕ ಹೇಳುತ್ತೇನೆ. ಒಂದು ಕೇರಿಯಲ್ಲಿ ಮುನ್ನೂರು ಮತ ಇವೆ. ಒಂದೇ ವಾರ್ಡಿನಲ್ಲಿ ಇಟ್ಟರೆ ಒಬ್ಬ ಸದಸ್ಯನನ್ನು ಗೆಲ್ಲಿಸುತ್ತಾರೆ. ಮೂರು ವಾರ್ಡಿಗೆ ನೂರು ನೂರಾಗಿ ಹರಿದರೆ ಎಲ್ಲೂ ಗೆಲ್ಲುವುದಿಲ್ಲ. ಯಾರ ಮತವನ್ನೂ ಕಿತ್ತುಕೊಂಡಿಲ್ಲ, ಆದರೂ ಕೇರಿಗೆ ದನಿ ಇಲ್ಲ. ಭಾರತದಲ್ಲಿ ಕ್ಷೇತ್ರದ ಗೆರೆ ಎಳೆಯುವುದು ಮರುವಿಂಗಡಣಾ ಆಯೋಗ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಶಾಸಕರೇ ಎಳೆಯುತ್ತಾರೆ.

ಕೋರ್ಟಿನಲ್ಲಿ ಇದನ್ನು ತೋರಿಸಲು ಮೊದಲು ಮೂರು ವಿಷಯ ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟಿನ 1986ರ ಗಿಂಗಲ್ಸ್ ತೀರ್ಪು ಹೇಳುತ್ತದೆ. ಅಲ್ಪಸಂಖ್ಯಾತರು ಒಂದು ಕ್ಷೇತ್ರಕ್ಕೆ ಸಾಕಾಗುವಷ್ಟು ಒತ್ತಾಗಿ ನೆಲೆಸಿರಬೇಕು. ಅವರು ಒಟ್ಟಾಗಿ ಮತ ಹಾಕುತ್ತಿರಬೇಕು. ಬಹುಸಂಖ್ಯಾತರು ಅವರ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಸೋಲಿಸುತ್ತಿರಬೇಕು. ಮತ ಗುಪ್ತ. ಹಾಗಾಗಿ ಒಂದೊಂದು ಮತಗಟ್ಟೆಯ ಫಲಿತಾಂಶವನ್ನು ಜನಗಣತಿಯ ಜೊತೆ ಇಟ್ಟು ಸಂಖ್ಯಾಶಾಸ್ತ್ರಜ್ಞರು ಅಂದಾಜು ಮಾಡಬೇಕು. ನಕ್ಷೆ ಬರೆಯುವ ತಜ್ಞರು ಬೇಕು, ಇತಿಹಾಸಕಾರರು ಬೇಕು. ಮುಂಚೆ ಒಂದು ಪತ್ರದಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ವರ್ಷಗಟ್ಟಲೆ ದುಡಿಮೆ, ರಾಶಿ ದುಡ್ಡು.

ಅಲಬಾಮಾದವರು ಇಷ್ಟನ್ನೂ ಮಾಡಿದರು. 2022ರ ಜನವರಿಯಲ್ಲಿ ಮೂವರು ನ್ಯಾಯಾಧೀಶರ ಪೀಠ ಅವರ ಪರವಾಗಿ ಆದೇಶ ಕೊಟ್ಟಿತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತಡೆಯಾಜ್ಞೆ ಕೊಟ್ಟಿತು. ಚುನಾವಣೆ ಹತ್ತಿರವಿದೆ, ಈಗ ಬದಲಿಸಿದರೆ ಗೊಂದಲ ಅಂತ ಆ ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕಾರಣ ಕೊಟ್ಟರು. ನವೆಂಬರ್ ಇನ್ನೂ ಒಂಬತ್ತು ತಿಂಗಳು ದೂರ ಇತ್ತು. ಹಾಗಾಗಿ 2022ರ ಚುನಾವಣೆ ಆ ತಪ್ಪು ನಕ್ಷೆಯ ಮೇಲೇ ನಡೆಯಿತು. 2023ರ ಜೂನ್ 8ರಂದು ಅದೇ ಸುಪ್ರೀಂ ಕೋರ್ಟ್ 5-4ರಲ್ಲಿ ಕಪ್ಪು ಮತದಾರರ ಪರ ನಿಂತಿತು. ಆಮೇಲೂ ಶಾಸಕರು ಎರಡನೇ ಕ್ಷೇತ್ರದಲ್ಲಿ ಕಪ್ಪು ಮತದಾರರು ನೂರಕ್ಕೆ 40ರಷ್ಟೇ ಇರುವ ನಕ್ಷೆ ತಂದರು. ಕೊನೆಗೆ ಕೋರ್ಟೇ ತಜ್ಞರಿಂದ ನಕ್ಷೆ ಬರೆಸಿತು. 2024ರಲ್ಲಿ ಎರಡನೇ ಕ್ಷೇತ್ರದಿಂದ ಕಪ್ಪು ಜನಾಂಗದ ಶೊಮಾರಿ ಫಿಗರ್ಸ್ ಗೆದ್ದರು.

ಗೆದ್ದ ಕೇಸು ಇದು. ಗೆದ್ದವರಿಗೂ 2022ರ ಚುನಾವಣೆ ವಾಪಸು ಸಿಗಲಿಲ್ಲ. ಕಕ್ಷಿದಾರರು "ಗೆದ್ದರೆ ಆ ವೋಟು ಸಿಗುತ್ತಾ?" ಅಂತ ಕೇಳಿದಾಗ ಇಲ್ಲ ಅನ್ನುವುದು ನನ್ನ ವೃತ್ತಿಯಲ್ಲಿ ನನಗೆ ಅತಿ ಕಷ್ಟದ ಮಾತು.

ಬೇರೆ ದಾರಿಗಳೂ ಕಿರಿದಾಗುತ್ತಾ ಬಂದಿವೆ. 2019ರ ರೂಚೋ ತೀರ್ಪು, ಪಕ್ಷದ ಲಾಭಕ್ಕೆ ಗೆರೆ ಎಳೆದರೆ ಅದನ್ನು ಕೇಂದ್ರದ ಕೋರ್ಟುಗಳು ವಿಚಾರಿಸಲಾರವು ಅಂದಿತು. 2021ರ ಬರ್ನೋವಿಚ್ ತೀರ್ಪು, ಮತ ಹಾಕಲು ಆಗುವ ಮಾಮೂಲಿ ತೊಂದರೆ ಸಾಲದು ಅಂತ ಸೆಕ್ಷನ್ 2ಕ್ಕೆ ಹೊಸ ಅಳತೆಗಳನ್ನು ಹಾಕಿತು. 2024ರಲ್ಲಿ ದಕ್ಷಿಣ ಕೆರೊಲಿನಾದ ಕೇಸಿನಲ್ಲಿ, ಶಾಸಕರು ಸದುದ್ದೇಶದಿಂದ ಮಾಡಿದರು ಅಂತಲೇ ಕೋರ್ಟ್ ಶುರು ಮಾಡಬೇಕು, ಜನಾಂಗ ಯಾವುದು ರಾಜಕೀಯ ಯಾವುದು ಅಂತ ಬಿಡಿಸಿ ತೋರಿಸುವ ಹೊಣೆ ದೂರುದಾರರದ್ದು ಅಂತ ಬಂತು. ಕಪ್ಪು ಮತದಾರರಲ್ಲಿ ಹೆಚ್ಚಿನವರು ಒಂದೇ ಪಕ್ಷಕ್ಕೆ ಮತ ಹಾಕುವ ಕಡೆ ಎರಡನ್ನೂ ಬಿಡಿಸುವುದು ಹೇಗೆ? "ಪಕ್ಷ ನೋಡಿ ಮಾಡಿದೆವು" ಅಂದರೆ ರಾಜ್ಯಕ್ಕೆ ಅದೇ ಒಳ್ಳೆಯ ರಕ್ಷಣೆ. ಇನ್ನು ಲೂಯಿಸಿಯಾನಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 15ರಂದು ಎರಡನೇ ಸಲ ವಾದ ಕೇಳಿತು. ಸೆಕ್ಷನ್ 2ನ್ನು ಪಾಲಿಸಲು ಅಂತ ಬೇಕೆಂದೇ ಎರಡನೇ ಕಪ್ಪು ಬಹುಮತದ ಕ್ಷೇತ್ರ ಮಾಡುವುದೇ ಸಂವಿಧಾನಕ್ಕೆ ವಿರುದ್ಧವೇ ಅನ್ನುವುದು ಅಲ್ಲಿ ಕೋರ್ಟ್ ಎತ್ತಿದ ಪ್ರಶ್ನೆ. ಹಕ್ಕನ್ನು ಕಾಯುವ ಕೆಲಸವೇ ತಪ್ಪಾಗಬಹುದು ಅನ್ನುವ ಮಾತು ಕೋರ್ಟಿನಲ್ಲಿ ಗಂಭೀರವಾಗಿ ನಡೆಯುವ ದಿನ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಬೆಂಟನ್‌ವಿಲ್‌ನ ಹುಡುಗನಿಗೆ ನೇರವಾಗಿ ತಟ್ಟುವುದು ಬೇರೆ ಎರಡು ತೀರ್ಪು. ಅವನ ರಾಜ್ಯ 8ನೇ ಸರ್ಕಿಟ್ (ಕೆಲವು ರಾಜ್ಯಗಳು ಸೇರಿದ ವಲಯ) ಮೇಲ್ಮನವಿ ಕೋರ್ಟಿನ ಅಡಿಯಲ್ಲಿದೆ. 2023ರ ನವೆಂಬರ್‌ನಲ್ಲಿ, ಅರ್ಕನ್ಸಾದ್ದೇ ಕೇಸಿನಲ್ಲಿ, ಸೆಕ್ಷನ್ 2ರ ಕೆಳಗೆ ಕೇಸು ಹಾಕಲು ಅಟಾರ್ನಿ ಜನರಲ್‌ಗೆ, ಅಂದರೆ ವಾಷಿಂಗ್ಟನ್ನಿನ ನ್ಯಾಯ ಇಲಾಖೆಯ ಮುಖ್ಯಸ್ಥರಿಗೆ, ಮಾತ್ರ ಅಧಿಕಾರ, ಮತದಾರರಿಗೆ ಇಲ್ಲ ಅಂತ ಆ ಕೋರ್ಟ್ ಹೇಳಿತು. ಹಿಂದಿನ 40 ವರ್ಷದಲ್ಲಿ ಸೆಕ್ಷನ್ 2ರಲ್ಲಿ ಗೆದ್ದ 182 ಕೇಸುಗಳಲ್ಲಿ ಅಟಾರ್ನಿ ಜನರಲ್ ಒಬ್ಬರೇ ತಂದದ್ದು 15 ಅಂತ ಭಿನ್ನ ತೀರ್ಪಿನಲ್ಲಿ ಲೆಕ್ಕ ಇದೆ. ಉಳಿದವುಗಳಲ್ಲಿ ಜನರೂ ಕಕ್ಷಿದಾರರಾಗಿದ್ದರು. 2025ರ ಜುಲೈನಲ್ಲಿ ಅದೇ ಕೋರ್ಟ್ ಸೆಕ್ಷನ್ 208ಕ್ಕೂ ಹಾಗೇ ಹೇಳಿತು. ಒಬ್ಬರು ಆರು ಮತದಾರರಿಗಿಂತ ಹೆಚ್ಚು ಜನರಿಗೆ ಸಹಾಯ ಮಾಡಬಾರದು ಅನ್ನುವ ಅರ್ಕನ್ಸಾ ಕಾನೂನಿನ ವಿರುದ್ಧ ವಲಸಿಗರ ಸಂಸ್ಥೆಯೊಂದು ಹಾಕಿದ್ದ ಕೇಸು ಅದು.

ಇದು ಸುಮ್ನೆ ತಾಂತ್ರಿಕ ವಿಷಯ ಅಲ್ಲ. ಟೆಕ್ಸಸ್‌ನಲ್ಲಿ ಬಂಗಾಳಿ ಮಾತಾಡುವ ಒಬ್ಬ ತಾಯಿಯ ಜೊತೆ ಮಗ ಮತಗಟ್ಟೆಗೆ ಹೋಗಿದ್ದ. ಅವನ ಹೆಸರು ಪಕ್ಕದ ಕೌಂಟಿಯ ಪಟ್ಟಿಯಲ್ಲಿದೆ ಅಂತ ಸಹಾಯ ಮಾಡಲು ಬಿಡಲಿಲ್ಲ. ಅಲ್ಲಿ ಜನರೇ ಕೇಸು ಹಾಕಿದರು. 2017ರಲ್ಲಿ ಮೇಲ್ಮನವಿ ಕೋರ್ಟು ರಾಜ್ಯದ ನಿಯಮ ಸೆಕ್ಷನ್ 208ಕ್ಕೆ ವಿರುದ್ಧ ಅಂದಿತು. ಟೆಕ್ಸಸ್ ಬೇರೆ ಸರ್ಕಿಟ್, ಹಾಗಾಗಿ ಆ ದಾರಿ ತೆರೆದಿತ್ತು.

ವಾರದ ಮೇಲೆ ಹುಡುಗ ಮತ್ತೆ ಫೋನ್ ಮಾಡಿದ. ಸಹಾಯಕರ ಹೆಸರು ಬರೆದುಕೊಳ್ಳುತ್ತಾರೆ, ಕೊಡು ಅಂದೆ. ಯಾರಿಗೆ ಹಾಕಬೇಕು ಅಂತ ನೀನು ಹೇಳಬಾರದು, ಓದಿ ಹೇಳು, ಅಮ್ಮ ತೋರಿಸಿದ್ದಕ್ಕೆ ಗುರುತು ಹಾಕು ಅಂದೆ. ಎಲ್ಲ ಬರೆದುಕೊಂಡ. ಆಮೇಲೆ ಕೇಳಿದ, "ಅಕ್ಕಾ, ಬಿಡಲ್ಲ ಅಂದರೆ?"

ಹತ್ತು ವರ್ಷದ ಹಿಂದೆ ಆಗಿದ್ದರೆ, ಅಮ್ಮನ ಹೆಸರಲ್ಲಿ ಕೇಸು ಹಾಕೋಣ ಅನ್ನುತ್ತಿದ್ದೆ. ಈಗ, ಅಲ್ಲಿದ್ದ ಅಧಿಕಾರಿಯ ಹೆಸರು, ಹೊತ್ತು ಎಲ್ಲ ಬರೆದಿಟ್ಟುಕೋ, ವಾಷಿಂಗ್ಟನ್ನಿನ ನ್ಯಾಯ ಇಲಾಖೆಗೆ ದೂರು ಕಳಿಸೋಣ, ಅವರು ಎತ್ತಿಕೊಂಡರೆ ಕೋರ್ಟಿಗೆ ಹೋಗುತ್ತದೆ ಅಂದೆ.

"ಎತ್ತಿಕೊಳ್ಳದಿದ್ದರೆ?" ಅಂದ.