ಜೊಲ್ಲು, ಹಲ್ಲು ಮತ್ತು ಜೋಳದ ಗಂಜಿ

ಮೂರು ತಿಂಗಳ ಕೂಸಿನ ಗದ್ದದ ಮೇಲೆ ಜೊಲ್ಲು ಇಳಿಯತೊಡಗಿದರೆ ಕಲಬುರಗಿ ಸೀಮೆಯ ಮನೆಗಳಲ್ಲಿ ಆಯಿ ಅದರ ವಸಡಿನ ಮೇಲೆ ಬೆರಳಾಡಿಸಿ, “ಹಲ್ಲು ಬರ್ಲಿಕತ್ತಾವ” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಮೊದಲ ಹಲ್ಲು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಆರನೆಯ ತಿಂಗಳ ಆಚೀಚೆ. ಅಷ್ಟು ಮೊದಲೇ ಹರಿಯುವ ಜೊಲ್ಲಿನ ಕಾರಣವನ್ನು ವಸಡಿನಲ್ಲಿ ಹುಡುಕುವುದಕ್ಕಿಂತ ಲಾಲಾಗ್ರಂಥಿಗಳಲ್ಲಿ ಹುಡುಕುವುದು ಸರಿ.

ಕಿವಿಯ ಮುಂದಿನ ಪೆರೋಟಿಡ್, ದವಡೆಯ ಕೆಳಗಿನ ಸಬ್‌ಮ್ಯಾಂಡಿಬ್ಯುಲರ್, ನಾಲಿಗೆಯ ಕೆಳಗಿನ ಸಬ್‌ಲಿಂಗ್ವಲ್ ಎಂಬ ಮೂರು ಜೊತೆ ದೊಡ್ಡ ಗ್ರಂಥಿಗಳೂ ತುಟಿ, ಕೆನ್ನೆ, ಅಂಗುಳಗಳಲ್ಲಿ ಹರಡಿಕೊಂಡ ನೂರಾರು ಸಣ್ಣ ಗ್ರಂಥಿಗಳೂ ನಮ್ಮ ಬಾಯಿಯನ್ನು ತೇವವಾಗಿಡುತ್ತವೆ. ದೊಡ್ಡ ಗ್ರಂಥಿಗಳು ಗರ್ಭದ 6ರಿಂದ 8ನೆಯ ವಾರದೊಳಗೆ ಮೊಗ್ಗಿನಂತೆ ಮೂಡಿ, ತೊಗರಿ ಗಿಡ ಕವಲೊಡೆದಂತೆ ಕವಲೊಡೆಯುತ್ತ ಹೋಗುತ್ತವೆ. ಆ ಕವಲುಗಳೇ ನಾಳಗಳು, ತುದಿಯ ಗೊಂಚಲುಗಳೇ ರಸ ಸ್ರವಿಸುವ ಕೋಶಗಳು. ಹೆರಿಗೆಯ ಹೊತ್ತಿಗೆ ಗಿಡದ ರೂಪ ಬಂದಿರುತ್ತದೆ, ಕಾಯಿ ಮಾತ್ರ ಇನ್ನೂ ಬಲಿತಿರುವುದಿಲ್ಲ.

ಬಲಿಯಬೇಕಾದದ್ದೇನು ಎಂಬುದು ಲಾಲಾರಸ ತಯಾರಾಗುವ ಬಗೆಯನ್ನು ನೋಡಿದರೆ ತಿಳಿಯುತ್ತದೆ. ನರದಿಂದ ಸಂಕೇತ ಬಂದೊಡನೆ ಗೊಂಚಲಿನ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಅದರಿಂದ ಕ್ಲೋರೈಡ್‌ನ ದಾರಿಗಳು ತೆರೆದುಕೊಳ್ಳುತ್ತವೆ, ಕ್ಲೋರೈಡಿನ ಹಿಂದೆ ಸೋಡಿಯಂ, ಸೋಡಿಯಂನ ಹಿಂದೆ ನೀರು ಹೊರಬರುತ್ತದೆ. ನೀರು ಹಾಯುವುದಕ್ಕೆ ಕೋಶದ ಪೊರೆಯಲ್ಲಿ ಅಕ್ವಾಪೊರಿನ್ ಎಂಬ ಪ್ರೋಟೀನಿನ ಕಾಲುವೆಗಳಿವೆ; ಇಂಥ ಕಾಲುವೆಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಹೀಗೆ ಹೊರಬಂದ ದ್ರವ ರಕ್ತದ ನೀರಿನಷ್ಟೇ ಉಪ್ಪಾಗಿರುತ್ತದೆ. ಅದು ನಾಳಗಳಲ್ಲಿ ಹರಿಯುವಾಗ ನಾಳದ ಕೋಶಗಳು ಉಪ್ಪನ್ನು ಮರಳಿ ಹೀರಿಕೊಂಡು ನೀರನ್ನು ಮುಂದಕ್ಕೆ ಬಿಡುತ್ತವೆ. ಪಲ್ಯದಲ್ಲಿ ಉಪ್ಪು ಒಂದು ಚಿಟಿಕೆ ಕಡಿಮೆಯಾದರೂ ನಾಲಿಗೆಗೆ ಗೊತ್ತಾಗುವುದು ಈ ಸಪ್ಪೆ ಲಾಲಾರಸದಿಂದಾಗಿಯೇ.

ಈ ಬೆಳವಣಿಗೆಯನ್ನು ವಿಜ್ಞಾನಿಗಳು ಹೆಚ್ಚು ವಿವರವಾಗಿ ಕಂಡಿರುವುದು ಇಲಿಗಳಲ್ಲಿ. ಹುಟ್ಟಿದ ಇಲಿಮರಿಯ ಗ್ರಂಥಿಯ ತುದಿಗಳಲ್ಲಿ ಅಪಕ್ವ ಕೋಶಗಳಿರುತ್ತವೆ; ಅವು ಪಕ್ವವಾಗುವುದಕ್ಕೆ ಕೆಲವು ವಾರಗಳು ಬೇಕು. ಮರಿ ಸುಮಾರು ಮೂರು ವಾರಕ್ಕೆ ಮೊಲೆ ಬಿಟ್ಟು ಕಾಳು ಕಡಿಯತೊಡಗುವ ಹೊತ್ತಿಗೆ ಪೆರೋಟಿಡ್ ಗ್ರಂಥಿಯಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ಥಟ್ಟನೆ ಹೆಚ್ಚುತ್ತದೆ. ಇನ್ನೂ ಸೋಜಿಗವೆಂದರೆ, ಬೆಳೆದ ಇಲಿಗೂ ಬರೀ ದ್ರವಾಹಾರವನ್ನೇ ಕೊಡುತ್ತ ಬಂದರೆ ಅದರ ಪೆರೋಟಿಡ್ ಸೊರಗುತ್ತದೆ, ಗಟ್ಟಿ ಆಹಾರ ಕೊಟ್ಟೊಡನೆ ಚೇತರಿಸಿಕೊಳ್ಳುತ್ತದೆ. ಅಗಿಯುವಿಕೆಯು ನರಗಳನ್ನು ಪ್ರಚೋದಿಸುತ್ತದೆ, ನರಗಳು ಗ್ರಂಥಿಯನ್ನು ಪೋಷಿಸುತ್ತವೆ; ಆ ನರವನ್ನೇ ಕತ್ತರಿಸಿದರೂ ಗ್ರಂಥಿ ಕುಗ್ಗುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ: ಗ್ರಂಥಿಯ ನಕ್ಷೆಯನ್ನು ಗರ್ಭ ಬರೆಯುತ್ತದೆ, ಅದರ ಕಸುವನ್ನು ಬಹುಮಟ್ಟಿಗೆ ತುತ್ತು ನಿರ್ಧರಿಸುತ್ತದೆ.

ಮನುಷ್ಯರ ಕೂಸಿನಲ್ಲಿಯೂ ಹುಟ್ಟುವಾಗ ಲಾಲಾರಸದ ಅಮೈಲೇಸ್ ತೀರ ಕಡಿಮೆ. ತಾಯಿಯ ಹಾಲಿನಲ್ಲಿರುವುದು ಲ್ಯಾಕ್ಟೋಸ್ ಎಂಬ ಸಕ್ಕರೆ. ಅದರಲ್ಲಿ ಪಿಷ್ಟವಿಲ್ಲದ್ದರಿಂದ ಈ ಕೊರತೆ ಕೂಸಿಗೆ ಕಾಡುವುದಿಲ್ಲ. ಮುಂದಿನ ತಿಂಗಳುಗಳಲ್ಲಿ ಕಿಣ್ವ ಏರುತ್ತ ಹೋಗುತ್ತದೆ. ಮೇದೋಜೀರಕ ಗ್ರಂಥಿಯ ಅಮೈಲೇಸ್ ಅದಕ್ಕಿಂತ ನಿಧಾನವಾಗಿ ಬರುವುದರಿಂದ ಆ ಅವಧಿಯಲ್ಲಿ ಬಾಯಿಯ ಕಿಣ್ವಕ್ಕೆ ಬೆಲೆ ಹೆಚ್ಚು. ತಾಯಿಯ ಹಾಲಿನಲ್ಲಿರುವ ಅಮೈಲೇಸ್ ಕೂಡ ಅದಕ್ಕೆ ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮೇಲಾಹಾರವನ್ನು ಆರು ತಿಂಗಳಿಗೆ ಆರಂಭಿಸಲು ಹೇಳುತ್ತದೆ. ನಮ್ಮಲ್ಲಿ ಜೋಳದ ಗಂಜಿ, ಬೇಳೆಯ ಕಟ್ಟಿನಲ್ಲಿ ಮೆತ್ತಗೆ ನೆನೆಸಿದ ರೊಟ್ಟಿ ತಟ್ಟೆಗೆ ಬರುವ ಆ ಹೊತ್ತಿಗೆ ಪಿಷ್ಟವನ್ನು ಒಡೆಯುವ ಸಿದ್ಧತೆ ಸಾಕಷ್ಟು ಮುಂದುವರಿದಿರುತ್ತದೆ.

ಇನ್ನು ಜೊಲ್ಲಿನ ಮಾತು. ಎರಡು ಮೂರು ತಿಂಗಳಿಗೆ ಲಾಲಾರಸ ಹೆಚ್ಚುತ್ತದೆ, ಆದರೆ ತುಟಿ ಬಿಗಿಹಿಡಿದು ಅದನ್ನು ಆಗಾಗ ನುಂಗುವ ಹದ ಕೂಸಿಗೆ ಇನ್ನೂ ಬಂದಿರುವುದಿಲ್ಲ, ತಡೆಗೋಡೆಯಂತೆ ನಿಲ್ಲುವ ಮುಂಬಲ್ಲುಗಳೂ ಇರುವುದಿಲ್ಲ. ಮುಂದೆ ಹಲ್ಲು ಒಡೆಯುವಾಗ ಜೊಲ್ಲು ಮತ್ತಷ್ಟು ಸುರಿಯುವುದೂ ಉಂಟು, ಆದ್ದರಿಂದ ಆಯಿಯ ಮಾತು ಪೂರ್ತಿ ಸುಳ್ಳಲ್ಲ, ಸ್ವಲ್ಪ ಅವಸರದ್ದು ಅಷ್ಟೇ. ಬಹುಪಾಲು ಮಕ್ಕಳಲ್ಲಿ ಎರಡು ವರ್ಷದ ಹೊತ್ತಿಗೆ ಇದು ತಾನಾಗಿಯೇ ನಿಲ್ಲುತ್ತದೆ. ನಾಲ್ಕು ವರ್ಷ ದಾಟಿದ ಮೇಲೂ ಅಂಗಿ ತೊಯ್ಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.