ರಿಪಬ್ಲಿಕನ್ ಪಕ್ಷ ಹುಟ್ಟಿದ್ದು ಗುಲಾಮಗಿರಿಯನ್ನು ಕೊನೆಗಾಣಿಸುವುದಕ್ಕೇ?

ಪ್ರಶ್ನೆ: ಅಮೆರಿಕದ ರಿಪಬ್ಲಿಕನ್ ಪಕ್ಷ ಗುಲಾಮಗಿರಿಯನ್ನು ವಿರೋಧಿಸಿ ಹುಟ್ಟಿತೆಂದು ಓದಿದ್ದೇನೆ. ಹಾಗಿದ್ದರೆ ಆ ಪಕ್ಷದಿಂದ ಗೆದ್ದು ದೇಶದ ಅಧ್ಯಕ್ಷರಾದ ಮೊದಲಿಗ ಅಬ್ರಹಾಂ ಲಿಂಕನ್, ಗುಲಾಮಗಿರಿ ಇರುವ ರಾಜ್ಯಗಳಲ್ಲಿ ತಾವು ಅದಕ್ಕೆ ಕೈಹಾಕುವುದಿಲ್ಲವೆಂದು ಅಧಿಕಾರ ವಹಿಸಿಕೊಂಡ ದಿನವೇ ಹೇಳಿದ್ದೇಕೆ?

ಉತ್ತರ: ನೀವು ಓದಿದ ಎರಡೂ ಸಂಗತಿಗಳು ನಿಜ. ಆರಂಭದ ರಿಪಬ್ಲಿಕನ್ನರು ಪಣ ತೊಟ್ಟದ್ದು ಗುಲಾಮಗಿರಿ ಹೊಸ ನೆಲಕ್ಕೆ ಹರಡದಂತೆ ತಡೆಯುವುದಕ್ಕೆ. ಅದು ಆಗಲೇ ಬೇರೂರಿದ್ದ ರಾಜ್ಯಗಳಿಂದ ಅದನ್ನು ಕಿತ್ತುಹಾಕುವುದಕ್ಕಲ್ಲ. ಈ ವ್ಯತ್ಯಾಸವನ್ನು ಹಿಡಿಯದೆ ಆ ಪಕ್ಷದ ಮೊದಲ ಹತ್ತು ವರ್ಷಗಳ ನಡೆ ಅರ್ಥವಾಗುವುದಿಲ್ಲ.

1820ರ ಮಿಸೌರಿ ಒಪ್ಪಂದದ ಪ್ರಕಾರ, ಫ್ರಾನ್ಸಿನಿಂದ ಕೊಂಡಿದ್ದ ವಿಶಾಲವಾದ ಲೂಯಿಸಿಯಾನ ಪ್ರದೇಶದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶದಿಂದ ಉತ್ತರಕ್ಕೆ, ಮಿಸೌರಿ ರಾಜ್ಯವೊಂದನ್ನು ಬಿಟ್ಟರೆ, ಗುಲಾಮಗಿರಿಗೆ ಅವಕಾಶವಿರಲಿಲ್ಲ. ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳ ಜನ ಮೂವತ್ತಕ್ಕೂ ಹೆಚ್ಚು ವರ್ಷ ಇದನ್ನು ಎರಡೂ ಕಡೆಯವರು ಕೊಟ್ಟ ಮಾತೆಂದೇ ನಂಬಿದ್ದರು. 1854ರ ಜನವರಿಯಲ್ಲಿ ಇಲಿನಾಯ್‌ನ ಡೆಮಾಕ್ರಟಿಕ್ ಸೆನೆಟರ್ ಸ್ಟೀಫನ್ ಡಗ್ಲಸ್ ತಂದ ಕ್ಯಾನ್ಸಸ್–ನೆಬ್ರಾಸ್ಕ ಮಸೂದೆ ಆ ಗಡಿಯನ್ನು ಅಳಿಸಿಹಾಕಿ, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಅಲ್ಲಿ ನೆಲೆಸುವವರೇ ತೀರ್ಮಾನಿಸಲಿ ಎಂದಿತು. ಮೇ 30ರಂದು ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅದಕ್ಕೆ ಸಹಿ ಹಾಕಿದರು.

ಆದರೆ ಪ್ರತಿರೋಧ ಸಹಿ ಬೀಳುವವರೆಗೂ ಕಾದಿರಲಿಲ್ಲ. ಮಾರ್ಚ್ 20ರಂದು ವಿಸ್ಕಾನ್ಸಿನ್‌ನ ರಿಪನ್ ಎಂಬ ಸಣ್ಣ ಊರಿನ ಶಾಲೆಯೊಂದರಲ್ಲಿ ಆಲ್ವನ್ ಬೋವೆ ಎಂಬ ವಕೀಲರ ಮುಂದಾಳತ್ವದಲ್ಲಿ ಸೇರಿದ ಸ್ಥಳೀಯರು ಹಳೆಯ ಪಕ್ಷಗಳನ್ನು ತೊರೆದು ಹೊಸದೊಂದನ್ನು ಕಟ್ಟಲು ಮುಂದಾದರು. ಜುಲೈ 6ರಂದು ಮಿಶಿಗನ್‌ನ ಜ್ಯಾಕ್ಸನ್‌ನಲ್ಲಿ ನೆರೆದ ಜನ ಸಭಾಂಗಣದಲ್ಲಿ ಹಿಡಿಸದೆ ಓಕ್ ತೋಪಿಗೆ ನಡೆದು, ರಿಪಬ್ಲಿಕನ್ ಎಂಬ ಹೆಸರಿನಲ್ಲಿ ಇಡೀ ರಾಜ್ಯಕ್ಕೆ ಅಭ್ಯರ್ಥಿಗಳನ್ನು ಘೋಷಿಸಿದರು. ಎರಡೂ ಊರುಗಳು ಪಕ್ಷದ ಜನ್ಮಸ್ಥಳ ತಮ್ಮದೆನ್ನುತ್ತವೆ. ಚುನಾವಣೆಗೆ ನಿಂತಾಗಲೇ ಪಕ್ಷವೊಂದು ಪಕ್ಷವಾಗುತ್ತದೆ ಎಂಬ ಕಾರಣದಿಂದ ನನಗೆ ಜ್ಯಾಕ್ಸನ್‌ನ ವಾದ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಒಟ್ಟುಗೂಡಿದವರು ಒಂದೇ ಮನಸ್ಸಿನವರಾಗಿರಲಿಲ್ಲ. ಆವರೆಗೆ ಡೆಮಾಕ್ರಟರ ಮುಖ್ಯ ಎದುರಾಳಿಯಾಗಿದ್ದು ಈಗ ಒಡೆದು ಹೋಳಾಗಿದ್ದ ವಿಗ್ ಪಕ್ಷದವರು, ಹೊಸ ನೆಲಕ್ಕೆ ಗುಲಾಮಗಿರಿ ಬೇಡವೆಂದು 1848ರಲ್ಲಿ ಹುಟ್ಟಿದ್ದ ಫ್ರೀ ಸಾಯಿಲ್ ಪಕ್ಷದವರು, ಡಗ್ಲಸ್ ಮೇಲೆ ಮುನಿದ ಡೆಮಾಕ್ರಟರು ಇದರಲ್ಲಿದ್ದರು. ಗುಲಾಮಗಿರಿ ಮಹಾಪಾಪವೆಂದು ಹೃದಯದಿಂದ ನಂಬಿದವರೊಂದಿಗೆ, ಗುಲಾಮರ ಪುಕ್ಕಟೆ ದುಡಿಮೆಯೆದುರು ಬಡ ರೈತನೂ ಕೂಲಿಕಾರನೂ ಪೈಪೋಟಿ ಮಾಡಲಾರರೆಂದು ಚಿಂತಿಸಿದವರಿದ್ದರು. ಪಶ್ಚಿಮದ ನೆಲದಲ್ಲಿ ಕಪ್ಪು ಜನರೇ ಬೇಡವೆನ್ನುವವರೂ ಇದ್ದರು. ಈ ಕೊನೆಯ ಮಾತನ್ನು ಮುಚ್ಚಿಟ್ಟು ಪಕ್ಷದ ಚರಿತ್ರೆ ಹೇಳುವುದು ಸರಿಯಲ್ಲ. ಇವರೆಲ್ಲರನ್ನೂ ಹಿಡಿದಿಟ್ಟಿದ್ದು ಸಂವಿಧಾನದ ಕುರಿತ ಒಂದು ತಿಳುವಳಿಕೆ: ರಾಜ್ಯಗಳ ಒಳಗಿನ ಗುಲಾಮಗಿರಿಯನ್ನು ಮುಟ್ಟುವ ಅಧಿಕಾರ ಕೇಂದ್ರಕ್ಕಿಲ್ಲ, ಆದರೆ ಇನ್ನೂ ರಾಜ್ಯಗಳಾಗದ ಪ್ರದೇಶಗಳಲ್ಲಿ ಅದನ್ನು ನಿಷೇಧಿಸುವ ಅಧಿಕಾರ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗಿದೆ. ಪೂರ್ಣ ನಿರ್ಮೂಲನೆಯನ್ನು ಬಯಸುತ್ತಿದ್ದ ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರಂಥವರಿಗೆ ಇದು ಸಾಲದಾಗಿತ್ತು. ಜ್ಯಾಕ್ಸನ್ ಸಭೆಗೆ ಎರಡೇ ದಿನ ಮೊದಲು ಅವರು ಮ್ಯಾಸಚೂಸೆಟ್ಸ್‌ನ ಬಹಿರಂಗ ಸಭೆಯೊಂದರಲ್ಲಿ ಆ ಸಂವಿಧಾನದ ಪ್ರತಿಯನ್ನೇ ಸುಟ್ಟಿದ್ದರು.

ಹಾಗೆಂದು ಹರಡುವಿಕೆಯನ್ನು ತಡೆಯುವುದು ಸಣ್ಣ ಬೇಡಿಕೆಯಾಗಿರಲಿಲ್ಲ. ಹೊಸ ನೆಲ ದೊರೆಯದಿದ್ದರೆ ಗುಲಾಮಗಿರಿ ಕ್ರಮೇಣ ಸೊರಗಿ ಸಾಯುತ್ತದೆಂದು ರಿಪಬ್ಲಿಕನ್ನರು ಆಶಿಸಿದ್ದರು, ದಕ್ಷಿಣದ ತೋಟದೊಡೆಯರು ಅದಕ್ಕೇ ಭಯಪಟ್ಟಿದ್ದರು. ಮುಂದೆ ಸೇರುವ ರಾಜ್ಯಗಳೆಲ್ಲ ಗುಲಾಮಗಿರಿ ಇಲ್ಲದವಾದರೆ ಸೆನೆಟ್ಟಿನಲ್ಲಿ ತಮ್ಮ ಬಲ ಕುಸಿಯುತ್ತದೆಂಬುದೂ ಅವರಿಗೆ ತಿಳಿದಿತ್ತು.

ಬೆಳವಣಿಗೆ ಅಚ್ಚರಿಯೆನಿಸುವಷ್ಟು ಬೇಗ ಆಯಿತು. ಕ್ಯಾನ್ಸಸ್‌ನಲ್ಲಿ ಗುಲಾಮಗಿರಿ ಬೇಕೆನ್ನುವ ಮತ್ತು ಬೇಡವೆನ್ನುವ ಎರಡು ಬಣಗಳ ನಡುವೆ ರಕ್ತ ಹರಿಯಿತು. 1856ರ ಮೇ 22ರಂದು ಸೆನೆಟ್ಟಿನೊಳಗೇ ಮ್ಯಾಸಚೂಸೆಟ್ಸ್‌ನ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ದಕ್ಷಿಣ ಕೆರೊಲಿನಾದ ಕಾಂಗ್ರೆಸ್ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಹೊಡೆದರು. ಆ ವರ್ಷವೇ ಪಕ್ಷದ ಮೊದಲ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಫ್ರೆಮಾಂಟ್ ಸೋತರೂ 11 ರಾಜ್ಯಗಳನ್ನು ಗೆದ್ದರು. ಹಳೆಯ ವಿಗ್ ಆಗಿದ್ದ ಲಿಂಕನ್ ಪಕ್ಷಕ್ಕೆ ಬಂದದ್ದೂ 1856ರಲ್ಲೇ. ಅವರನ್ನು ಸ್ಥಾಪಕರೆಂದು ಕರೆಯುವುದು ತಪ್ಪು. ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಕೋರಿ ಹೂಡಿದ್ದ ಮೊಕದ್ದಮೆಯ 1857ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲವೆಂದು ಹೇಳಿ ಪಕ್ಷದ ತಳಪಾಯವನ್ನೇ ಅಲ್ಲಗಳೆಯಿತು. ರಿಪಬ್ಲಿಕನ್ನರು ಹಿಂಜರಿಯಲಿಲ್ಲ. 1860ರಲ್ಲಿ ಲಿಂಕನ್ ಸುಮಾರು ಶೇ 40ರಷ್ಟು ಜನಮತ ಪಡೆದು, ಮತ ನಾಲ್ಕು ಕಡೆ ಹಂಚಿಹೋಗಿದ್ದ ಆ ಚುನಾವಣೆಯಲ್ಲಿ ಅಧ್ಯಕ್ಷರನ್ನು ಅಂತಿಮವಾಗಿ ಆರಿಸುವ ರಾಜ್ಯವಾರು ಎಲೆಕ್ಟೋರಲ್ ಮತಗಳಲ್ಲಿ 180ನ್ನು ಪಡೆದು ಗೆದ್ದರು. ಅವರು ಅಧಿಕಾರ ವಹಿಸಿಕೊಳ್ಳುವ ಮೊದಲೇ ಏಳು ರಾಜ್ಯಗಳು ಒಕ್ಕೂಟವನ್ನು ತೊರೆದಿದ್ದವು.

ನೀವು ಪ್ರಸ್ತಾಪಿಸಿದ 1861ರ ಮಾರ್ಚ್ 4ರ ಮಾತು ಬಂದದ್ದು ಈ ಸನ್ನಿವೇಶದಲ್ಲಿ. ಉಳಿದ ಗುಲಾಮಿ ರಾಜ್ಯಗಳನ್ನು ಒಕ್ಕೂಟದಲ್ಲಿ ಹಿಡಿದಿಡುವ ಪ್ರಯತ್ನ ಅದರಲ್ಲಿತ್ತು, ನಿಜ. ಆದರೆ ಅದು ಪಕ್ಷ ಮೊದಲಿನಿಂದಲೂ ಹೇಳುತ್ತ ಬಂದ ನಿಲುವೂ ಆಗಿತ್ತು. ಆ ನಿಲುವನ್ನು ಬದಲಿಸಿದ್ದು ಉತ್ತರ–ದಕ್ಷಿಣಗಳ ನಡುವಿನ ಅಂತರ್ಯುದ್ಧ, ಮತ್ತು ಯುದ್ಧದ ನಡುವೆ ತೋಟಗಳಿಂದ ತಪ್ಪಿಸಿಕೊಂಡು ಉತ್ತರದ ಸೇನೆಯ ಶಿಬಿರಗಳಿಗೆ ತಾವಾಗಿಯೇ ಬಂದು ಸೇರಿದ ಗುಲಾಮರು. 1862ರ ಜೂನ್‌ನಲ್ಲಿ ಕಾಂಗ್ರೆಸ್ ಎಲ್ಲ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದಾಗ ಪಕ್ಷದ ಮೂಲ ಗುರಿ ಈಡೇರಿತ್ತು. ಅಲ್ಲಿಗೆ ನಿಲ್ಲದೆ, ಬಂಡೆದ್ದ ಪ್ರದೇಶಗಳ ಗುಲಾಮರನ್ನು ಸ್ವತಂತ್ರರೆಂದು ಸಾರಿದ 1863ರ ಜನವರಿ 1ರ ಲಿಂಕನ್ ಅವರ ವಿಮೋಚನಾ ಘೋಷಣೆಯನ್ನು ದಾಟಿ, 1864ರ ಚುನಾವಣಾ ಪ್ರಣಾಳಿಕೆಯಲ್ಲಿ ಪೂರ್ಣ ನಿರ್ಮೂಲನೆಯ ತಿದ್ದುಪಡಿಯನ್ನೇ ಪಕ್ಷ ಕೇಳಿತು. ಆ 13ನೇ ತಿದ್ದುಪಡಿ 1865ರ ಡಿಸೆಂಬರ್‌ನಲ್ಲಿ ಸಂವಿಧಾನದ ಭಾಗವಾಯಿತು.