ಮರಿಯಿಲ್ಲದ ಬಸಿರಿಗೆ ದರಗಿನ ಹಾಸಿಗೆ

ಹೊಸನಗರದ ಕಡೆ ನಮ್ಮ ನೆಂಟರ ಮನೆ ನಾಯಿ ಕೊಟ್ಟಿಗೆ ಮೂಲೆಯಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಕೆರೆದು ಗೂಡು ಮಾಡಿಕೊಂಡಿತ್ತು. ಮೊಲೆಯಲ್ಲಿ ಹಾಲು, ಕಾಲಡಿಯಲ್ಲಿ ತೆಂಗಿನ ಗರಟ. ಹತ್ತಿರ ಹೋದರೆ ಗುರ್ ಅನ್ನುತ್ತಿತ್ತು. ಮರಿ ಮಾತ್ರ ಇಲ್ಲ. ಡಾಕ್ಟರು ನೋಡಿ ನಕ್ಕರು: ‘ಹುಸಿ ಬಸಿರು.’

ನಾಯಿ ಗೂಡು ಕಟ್ಟಿದ್ದು ಹೊರಗೆ. ಪ್ರಯೋಗಾಲಯದ ಇಲಿ ಅದನ್ನು ಗರ್ಭಕೋಶದ ಒಳಗೇ ಕಟ್ಟುತ್ತದೆ. ಭ್ರೂಣ ಅಂಟಿಕೊಳ್ಳಲೆಂದು ಗರ್ಭಕೋಶದ ಒಳಪದರವೇ ದಪ್ಪಗಾಗಿ ಆಗುವ ಆ ಹಾಸಿಗೆಗೆ ಡೆಸಿಡುವಾ ಎಂದು ಹೆಸರು. ಲ್ಯಾಟಿನ್ ಮೂಲದಲ್ಲಿ ‘ಉದುರುವುದು’ ಎಂದರ್ಥ. ಶೆಟ್ಟಿಹಳ್ಳಿ ಕಡೆಯ ಎಲೆ ಉದುರುವ ಕಾಡನ್ನು ಇಂಗ್ಲಿಷಿನಲ್ಲಿ ಕರೆಯುವುದೂ ಇದೇ ಬೇರಿನ ‘ಡೆಸಿಡ್ಯುಅಸ್’ ಎಂಬ ಪದದಿಂದ. ಹಾಗಾಗಿ ದರಗು ಅಂದರೆ ತಪ್ಪಾಗಲಾರದು.

ಕಥೆ ಶುರುವಾದದ್ದು ಗಿನಿಪಿಗ್‌ನಿಂದ. 1907ರ ಸುಮಾರಿಗೆ ವಿಜ್ಞಾನಿ ಲಿಯೋ ಲೋಬ್ ಗಿನಿಪಿಗ್‌ಗಳ ಗರ್ಭಕೋಶಕ್ಕೆ ಗಾಯ ಮಾಡಿ ನೋಡಿದರು. ಅಂಡಾಶಯದಲ್ಲಿ ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಹಳದಿ ಕಾಯ, ಅಂದರೆ ಕಾರ್ಪಸ್ ಲ್ಯೂಟಿಯಂ ಇದ್ದಾಗ ಗಾಯದ ಜಾಗದಲ್ಲಿ ಭ್ರೂಣವೇ ಇಲ್ಲದೆ ಹಾಸಿಗೆ ಬೆಳೆಯಿತು. ಹಳದಿ ಕಾಯ ತೆಗೆದರೆ ಏನೂ ಇಲ್ಲ. ಇಲಿಗಳ ಋತುಚಕ್ರವನ್ನು 1922ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಮತ್ತು ಇವಾನ್ಸ್ ವಿವರವಾಗಿ ಬರೆದರು. ಇಲಿಯ ಚಕ್ರ ನಾಲ್ಕೈದು ದಿನದ್ದು. ಬೀಜವಾಹಿನಿ ಕತ್ತರಿಸಿದ ಗಂಡಿನೊಡನೆ ಕೂಡಿದರೆ, ಇಲ್ಲವೇ ಗಾಜಿನ ಕಡ್ಡಿಯಿಂದ ಗರ್ಭದ ಕೊರಳನ್ನು ತಟ್ಟಿದರೂ ಸಾಕು, ಹುಸಿ ಬಸಿರು 12–14 ದಿನ ಎಳೆಯುತ್ತದೆ. ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ ದಿನಕ್ಕೆರಡು ಸಲ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಸುರಿಸಿ ಹಳದಿ ಕಾಯವನ್ನು ಸಾಕುತ್ತದೆ. ಹಳದಿ ಕಾಯ ಹಾಸಿಗೆಗೆ ಬೇಕಾದ ಪ್ರೊಜೆಸ್ಟೆರಾನ್ ಹಾರ್ಮೋನು ಕೊಡುತ್ತದೆ.

ಇಲಿಯ ಗರ್ಭಕೋಶಕ್ಕೆ ಎರಡು ಕವಲು. ಹುಸಿ ಬಸಿರಿನ ನಾಲ್ಕು–ಐದನೇ ದಿನ ಒಂದರಲ್ಲಿ ದಾರ ಎಳೆದು ಅಥವಾ ಎಣ್ಣೆಯ ಹನಿ ಬಿಟ್ಟು, ಇನ್ನೊಂದನ್ನು ಮುಟ್ಟದೆ ಬಿಡುವುದು ರೂಢಿ. ಕೆಲವೇ ದಿನಗಳಲ್ಲಿ ಮುಟ್ಟಿದ ಕವಲು ಗಂಟುಗಂಟಾಗಿ ಉಬ್ಬುತ್ತದೆ, ಪಕ್ಕದ್ದು ದಾರದಂತೆ ತೆಳ್ಳಗಿರುತ್ತದೆ. ತಕ್ಕಡಿಯಲ್ಲಿಟ್ಟರೆ ಅಂತರ ತಿಳಿಯುತ್ತದೆ.

ಗೊಂದಲ ಎದ್ದದ್ದು ಆಮೇಲೆ. ಔಷಧ ಪರೀಕ್ಷೆಯ ಇಲಿಗಳಲ್ಲಿ ಯಾರೂ ಚುಚ್ಚದೆಯೇ ಅಪರೂಪಕ್ಕೆ ಇಂಥ ಗಂಟು ಕಾಣುತ್ತದೆ. ಗಡ್ಡೆಗಳ ಹೆಸರಿನ ಕೊನೆಯಲ್ಲಿ ಬರುವ ‘ಓಮಾ’ ಸೇರಿಸಿ ಡೆಸಿಡುವೋಮಾ ಎಂದು ಕರೆದದ್ದರಿಂದ ಗಡ್ಡೆ ಎನಿಸಿಬಿಡುತ್ತದೆ, ಆದರೆ ಗಡ್ಡೆಯಲ್ಲ. ಹಾರ್ಮೋನು ನಿಂತರೆ ಕರಗುತ್ತದೆ. ‘ತಾನಾಗಿ ಬಂದದ್ದು’ ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಚಕ್ರ ನೋಡಲು ಯೋನಿಯಿಂದ ಸ್ರಾವ ತೆಗೆಯುವ ಹತ್ತಿಕಡ್ಡಿಯೇ ಹುಸಿ ಬಸಿರು ತರಿಸಬಲ್ಲದು. ನಿಜಕ್ಕೂ ಯಾರ ಸ್ಪರ್ಶಕ್ಕೂ ಕಾಯದವರು ಮನುಷ್ಯರು: ಹೆಂಗಸರಲ್ಲಿ ಈ ಹಾಸಿಗೆ ಭ್ರೂಣವಿಲ್ಲದೆಯೇ ಪ್ರತಿ ತಿಂಗಳು ತಯಾರಾಗಿ ಮುಟ್ಟಾಗಿ ಉದುರುತ್ತದೆ.

ಇಲಿಯಲ್ಲಿ ಇನ್ನೊಂದು ತಮಾಷೆ. ಹಾಸಿಗೆ ಬೆಳೆದರೆ ಹುಸಿ ಬಸಿರು ಹದಿನಾಲ್ಕಕ್ಕೆ ನಿಲ್ಲದೆ ಸುಮಾರು 20 ದಿನದವರೆಗೂ ಹೋಗುತ್ತದೆ. ಖಾಲಿ ಹಾಸಿಗೆಯೇ ಅಂಡಾಶಯಕ್ಕೆ, ‘ಇನ್ನೂ ಸ್ವಲ್ಪ ತಾಳು’ ಅನ್ನುತ್ತದೆ.